ಪ್ರತ್ಯಯವಾಗದೆ ಉಳಿದ ಸರ್ವನಾಮ: ಸ್ಪ್ಯಾನಿಷ್ ಭೂತಕಾಲದ ಆತ್ಮಾರ್ಥಕ ರೂಪಗಳ ಚರಿತ್ರೆ

1. ಪ್ರಶ್ನೆಯ ಸ್ವರೂಪ

ಸ್ಪ್ಯಾನಿಷ್ ಭಾಷೆಯ ಆತ್ಮಾರ್ಥಕ ಕ್ರಿಯಾಪದಗಳ ಭೂತಕಾಲವನ್ನು ಪಠ್ಯಪುಸ್ತಕಗಳು ಸಾಮಾನ್ಯವಾಗಿ ಎರಡು ಸೂತ್ರಗಳಲ್ಲಿ ಮುಗಿಸುತ್ತವೆ. ಕರ್ತೃಪದಕ್ಕೆ ಹೊಂದುವ ಸರ್ವನಾಮವನ್ನು ಕ್ರಿಯಾಪದದ ಮೊದಲು ಇಡಬೇಕು ಎಂಬುದು ಒಂದು. ಕ್ರಿಯಾಪದಕ್ಕೆ ಎಂದಿನ ಭೂತಕಾಲ ಪ್ರತ್ಯಯಗಳನ್ನೇ ಹಚ್ಚಬೇಕು ಎಂಬುದು ಇನ್ನೊಂದು. ‘ಏಳುವುದು’ ಎಂಬ ಅರ್ಥದ ‘ಲೆವಂತಾರ್ಸೆ’ಯ ಪೂರ್ಣಭೂತ ರೂಪಗಳು ಹೀಗಿವೆ: ಮೆ ಲೆವಂತೇ (ಎದ್ದೆನು), ತೆ ಲೆವಂತಾಸ್ತೆ (ಎದ್ದೆ), ಸೆ ಲೆವಂತೋ (ಎದ್ದನು, ಎದ್ದಳು), ನೊಸ್ ಲೆವಂತಾಮೊಸ್ (ಎದ್ದೆವು), ಒಸ್ ಲೆವಂತಾಸ್ತೆಯ್ಸ್ (ಎದ್ದಿರಿ), ಸೆ ಲೆವಂತಾರೊನ್ (ಎದ್ದರು). ಈ ಲೇಖನದಲ್ಲಿ ಸ್ಪ್ಯಾನಿಷ್ ರೂಪಗಳ ದೀರ್ಘಸ್ವರವು ಉಚ್ಚಾರಣೆಯ ಒತ್ತು ಬೀಳುವ ಸ್ಥಾನವನ್ನು ಸೂಚಿಸುತ್ತದೆ. ವಕಾರವು ಬರಹವನ್ನು ಅನುಸರಿಸಿದೆ, ಉಚ್ಚಾರಣೆ ಬಕಾರಕ್ಕೆ ಹತ್ತಿರ. ಲ್ಯಾಟಿನ್ ರೂಪಗಳಲ್ಲಿ ದೀರ್ಘವು ದೀರ್ಘವೇ.

ಸೂತ್ರಗಳು ಸರಿಯಾಗಿಯೇ ಇವೆ. ಆದರೆ ಅವು ಮೂರು ಪ್ರಶ್ನೆಗಳನ್ನು ಹಾಗೆಯೇ ಬಿಡುತ್ತವೆ. ಒಂದು, ಆತ್ಮಾರ್ಥಕ ಕ್ರಿಯೆಗೆ ಭೂತಕಾಲದಲ್ಲಿ ಪ್ರತ್ಯೇಕ ಪ್ರತ್ಯಯಗಳು ಏಕಿಲ್ಲ? ಎರಡು, ಭೂತಕಾಲದಲ್ಲಿ ಕ್ರಿಯಾಪದದ ಮೊದಲು ನಿಲ್ಲುವ ಸರ್ವನಾಮವು ‘ಲೆವಂತಾರ್ಸೆ’ ಎಂಬ ಭಾವರೂಪದಲ್ಲಿ ಕೊನೆಗೆ ಹೋಗಿ ಅಂಟಿಕೊಳ್ಳುವುದೇಕೆ. ಹಳೆಯ ಗ್ರಂಥಗಳಲ್ಲಿ ‘ಸೆ ಲೆವಂತೋ’ ಎನ್ನುವೆಡೆ ‘ಲೆವಂತೋಸೆ’ ಎಂದಿರುವುದೇಕೆ? ಮೂರು, ಯಾರೂ ತಮ್ಮ ಮೇಲೆ ತಾವೇ ಏನನ್ನೂ ಎಸಗದ ನಿದ್ದೆಹೋಗುವುದು, ಸಾಯುವುದು, ಬಾಗಿಲು ತೆರೆದುಕೊಳ್ಳುವುದು ಮೊದಲಾದ ಕ್ರಿಯೆಗಳಿಗೂ ಇದೇ ಸರ್ವನಾಮ ಬರುವುದೇಕೆ?

ಈ ಮೂರು ಪ್ರಶ್ನೆಗಳಿಗೂ ಒಂದೇ ಚರಿತ್ರೆಯಲ್ಲಿ ಉತ್ತರವಿದೆ ಎಂಬುದು ಪ್ರಸ್ತುತ ಲೇಖನದ ವಾದ. ಕರ್ಮಪದವಾಗಿ ಹುಟ್ಟಿದ ‘ಸೆ’ ಅರ್ಥದಲ್ಲಿ ಪ್ರಯೋಗಸೂಚಕವಾಗಿ ಬೆಳೆಯಿತು. ಆದರೆ ರೂಪದಲ್ಲಿ ಪ್ರತ್ಯಯವಾಗಲಿಲ್ಲ. ಅದು ಪ್ರತ್ಯಯದ ಹೊಸ್ತಿಲನ್ನು ತಲುಪಿದ್ದೂ ಅಲ್ಲಿಂದ ಹಿಮ್ಮೆಟ್ಟಿದ್ದೂ ಭೂತಕಾಲದ ರೂಪಗಳಲ್ಲಿಯೇ ಸ್ಫುಟವಾಗಿ ಕಾಣುತ್ತದೆ.

2. ಲ್ಯಾಟಿನ್ನಿನ ಒಡೆದ ಭೂತಕಾಲ

ಲ್ಯಾಟಿನ್ನಿನಲ್ಲಿ ‘ಸೇ’ ಪ್ರಥಮಪುರುಷಕ್ಕೆ ಮಾತ್ರ ಸಲ್ಲುವ ಆತ್ಮಾರ್ಥಕ ಸರ್ವನಾಮ. ಉತ್ತಮ, ಮಧ್ಯಮ ಪುರುಷಗಳಲ್ಲಿ ಸಾಮಾನ್ಯ ಸರ್ವನಾಮಗಳೇ ಆ ಕೆಲಸವನ್ನು ಮಾಡುತ್ತಿದ್ದವು. ಇದರ ಜೊತೆಗೆ ಕರ್ತೃವಿನಲ್ಲಿಯೇ ನೆಲೆಗೊಳ್ಳುವ ಕ್ರಿಯೆಯನ್ನು ಹೇಳಲು ರೇಫಯುಕ್ತ ಪ್ರತ್ಯಯಗಳ ಇನ್ನೊಂದು ಶ್ರೇಣಿಯಿತ್ತು: ‘ಲವತ್’ ಎಂದರೆ ತೊಳೆಯುತ್ತಾನೆ, ‘ಲವಾತುರ್’ ಎಂದರೆ ತೊಳೆಯಲ್ಪಡುತ್ತಾನೆ, ಸಂದರ್ಭಾನುಸಾರ ಸ್ನಾನಮಾಡುತ್ತಾನೆ. ಸಂಸ್ಕೃತದ ಆತ್ಮನೇಪದವನ್ನು ಬಲ್ಲ ಓದುಗರಿಗೆ ಈ ವ್ಯವಸ್ಥೆ ಅಪರಿಚಿತವಲ್ಲ. ಸಾಯುವುದು ಎಂಬರ್ಥದ ಲ್ಯಾಟಿನ್ ‘ಮೊರಿಯೊರ್’ ಮತ್ತು ಸಂಸ್ಕೃತದ ‘ಮ್ರಿಯತೇ’ ಒಂದೇ ಮೂಲದವು. ಎರಡೂ ವರ್ತಮಾನದಲ್ಲಿ ಇಂಥ ವಿಶೇಷ ಪ್ರತ್ಯಯಗಳನ್ನೇ ಪಡೆಯುತ್ತವೆ.

ಆದರೆ ಭೂತಕಾಲಕ್ಕೆ ಬಂದೊಡನೆ ಈ ಶ್ರೇಣಿ ಒಡೆಯುತ್ತದೆ. ಸಂಸ್ಕೃತದ ಲಿಟ್ ಲಕಾರದಲ್ಲಿ ಇದೇ ಧಾತು ‘ಮಮಾರ’ ಎಂದು ಪರಸ್ಮೈಪದಕ್ಕೆ ತಿರುಗುತ್ತದೆ. ಲ್ಯಾಟಿನ್ನಿನಲ್ಲಿ ಒಡಕು ಬೇರೊಂದು ಬಗೆಯದು: ‘ಲವಾತುರ್’ ಎಂಬುದರ ಪೂರ್ಣಭೂತವು ‘ಲೌತುಸ್ ಎಸ್ತ್’, ‘ಮೊರಿತುರ್’ ಎಂಬುದರದು ‘ಮೊರ್ತುಉಸ್ ಎಸ್ತ್’. ಅಂದರೆ ವರ್ತಮಾನದಲ್ಲಿ ಒಂದೇ ಪದ, ಪೂರ್ಣಭೂತದಲ್ಲಿ ಕೃದಂತ ಮತ್ತು ‘ಇರು’ ಧಾತು ಕೂಡಿದ ಎರಡು ಪದಗಳು. ಈ ಎರಡನೆಯದರಲ್ಲಿ ‘ಎಸ್ತ್’ ಸ್ವತಃ ವರ್ತಮಾನದ ರೂಪ. ಹೀಗಾಗಿ ಆಡುಮಾತಿನ ಲ್ಯಾಟಿನ್ನಿನಲ್ಲಿ ಇಂಥ ಜೋಡಿಗಳನ್ನು ಈಗಿನ ಸ್ಥಿತಿಯ ವರ್ಣನೆಗಳೆಂದು ಗ್ರಹಿಸುವುದು ಬೆಳೆಯಿತು. ರೇಫಯುಕ್ತ ಪ್ರತ್ಯಯಗಳೂ ಕ್ರಮೇಣ ಲೋಪಿಸಿದವು. ರೋಮಾನ್ಸ್ ಭಾಷೆಗಳಲ್ಲಿ ಒಂದೂ ಆ ಶ್ರೇಣಿಯನ್ನು ಉಳಿಸಿಕೊಳ್ಳಲಿಲ್ಲ.

ತೆರವಾದ ಈ ಜಾಗಕ್ಕೆ ಬಂದದ್ದು ಸರ್ವನಾಮ. ನಾಲ್ಕನೆಯ ಶತಮಾನದ ಕೊನೆಯ ಭಾಗದಲ್ಲಿ ಜೆರುಸಲೇಮಿಗೆ ಯಾತ್ರೆ ಮಾಡಿದ ಎಗೇರಿಯಾ ಎಂಬ ಮಹಿಳೆಯ ಪ್ರವಾಸಕಥನದಲ್ಲಿ ‘ಹೋಗು’ ಎಂಬರ್ಥದ ಅಕರ್ಮಕ ಕ್ರಿಯೆಗೂ ‘ಸೇ’ ಹತ್ತಿರುವುದನ್ನು ವಿದ್ವಾಂಸರು ಗುರುತಿಸಿದ್ದಾರೆ. ಕರ್ಮವನ್ನೇ ಬಯಸದ ಕ್ರಿಯೆಯ ಜೊತೆ ಬಂದ ‘ಸೇ’ ಕರ್ಮಪದವಾಗಿರಲು ಸಾಧ್ಯವಿಲ್ಲ. ಅಲ್ಲಿ ಆಗಲೇ ಅದು ಕ್ರಿಯೆಯು ಕರ್ತೃವಿಗೆ ಅಂಟಿದ ಬಗೆಯನ್ನು ಸೂಚಿಸತೊಡಗಿತ್ತು.

ಸರ್ವನಾಮವನ್ನು ಕೂಡಿಸುವಾಗ ಕ್ರಿಯಾಪದದ ರೂಪವನ್ನು ಬದಲಿಸಬೇಕಾಗಿಲ್ಲ. ಕರ್ತರಿ ರೂಪಗಳೇ ಸಾಕು. ಅವು ಎಲ್ಲ ಕಾಲಗಳಲ್ಲಿಯೂ ಸಿದ್ಧವಾಗಿದ್ದವು. ಮೊದಲ ಪ್ರಶ್ನೆಗೆ ಉತ್ತರವಿದು. ಆತ್ಮಾರ್ಥಕ ಕ್ರಿಯೆಗೆ ಭೂತಕಾಲದಲ್ಲಿ ಪ್ರತ್ಯೇಕ ಪ್ರತ್ಯಯಗಳಿಲ್ಲದಿರುವುದು ಕೊರತೆಯಲ್ಲ, ಲ್ಯಾಟಿನ್ನಿನ ಒಡಕನ್ನು ಸರಿಪಡಿಸಿದ ವ್ಯವಸ್ಥೆಯ ಫಲ. ‘ಮೊರ್ತುಉಸ್ ಎಸ್ತ್’ ಎಂಬುದರ ಸ್ಥಾನದಲ್ಲಿ ಸ್ಪ್ಯಾನಿಷ್ ‘ಮುರಿಯೋ’ ಎಂಬ ಕರ್ತರಿ ಭೂತವನ್ನು ಕಟ್ಟಿಕೊಂಡಿತು; ಅದಕ್ಕೆ ‘ಸೆ’ ಕೂಡಿಸಿ ‘ಸೆ ಮುರಿಯೋ’ ಎಂದೂ ಹೇಳಬಲ್ಲುದಾಯಿತು.

3. ಒಂದೇ ಪದವಾಗುವ ಹೊಸ್ತಿಲು

ಕರ್ತರಿ ಭೂತದ ರೂಪಗಳು ಈ ನಡುವೆ ಸವೆದು ಚಿಕ್ಕದಾಗಿದ್ದವು. ‘ಲವಾವೀ’ ಎಂಬುದು ವಕಾರವನ್ನು ಕಳೆದುಕೊಂಡು ‘ಲವಾಯ್’ ಆಗಿ ಕೊನೆಗೆ ‘ಲವೇ’ ಆಯಿತು. ‘ಲವಾವಿತ್’ ಎಂಬುದು ‘ಲವೌತ್’ ಆಗಿ ‘ಲವೋ’ ಆಯಿತು. ಒತ್ತು ಮಾತ್ರ ತನ್ನ ಮೂಲಸ್ಥಾನವನ್ನು ಬಿಡಲಿಲ್ಲ. ಅದರ ಮುಂದಿನ ಅಕ್ಷರಗಳು ಉದುರಿದ್ದರಿಂದ ಅದು ಪದದ ಕೊನೆಗೆ ಬಂದು ನಿಂತಿತು. ‘ಲೆವಾಂತೊ’ ಎಂದರೆ ಎತ್ತುತ್ತೇನೆ, ‘ಲೆವಂತೋ’ ಎಂದರೆ ಎತ್ತಿದನು ಎಂಬ ವ್ಯತ್ಯಾಸವು ಇಂದಿಗೂ ಒತ್ತಿನ ಮೇಲೆಯೇ ನಿಂತಿದೆ.

‘ಸೆ’ ಎಂಬುದು ಸ್ವಂತ ಒತ್ತಿಲ್ಲದ, ನೆರೆಯ ಪದಕ್ಕೆ ಒರಗಿಯೇ ನಿಲ್ಲಬೇಕಾದ ಪರಾಶ್ರಿತ ಪದ. ಕೊನೆಯಲ್ಲಿ ಒತ್ತಿರುವ ‘ಲೆವಂತೋ’ ಎಂಬುದಕ್ಕೆ ಅದು ಒರಗಿದಾಗ ಉಂಟಾಗುವ ‘ಲೆವಂತೋಸೆ’ ಎಂಬ ಘಟಕದಲ್ಲಿ ಒತ್ತು ಉಪಾಂತ್ಯಾಕ್ಷರದ ಮೇಲೆ ಬೀಳುತ್ತದೆ. ಸ್ವರಾಂತವಾದ ಸ್ಪ್ಯಾನಿಷ್ ಪದಗಳಲ್ಲಿ ಇದೇ ಅತಿ ಸಾಮಾನ್ಯವಾದ ಒತ್ತಿನ ವಿನ್ಯಾಸ. ಕಿವಿಗೆ ಅದು ಒಂದೇ ಪದವಾಗಿ ಕೇಳಿಸಲು ಅಡ್ಡಿಯಿರಲಿಲ್ಲ.

ಹನ್ನೆರಡು, ಹದಿಮೂರನೆಯ ಶತಮಾನಗಳಲ್ಲಿ ಇದಕ್ಕೆ ಇನ್ನೊಂದು ಬಲ ಸೇರಿತು. ಪದಾಂತ್ಯದ ಎಕಾರವನ್ನು ಬಿಟ್ಟುಬಿಡುವ ಪ್ರವೃತ್ತಿ ಕಾಸ್ಟೀಲಿಯನ್ ಭಾಷೆಯಲ್ಲಿ ಆಗ ತೀವ್ರವಾಗಿತ್ತು. ರಫಾಯೇಲ್ ಲಪೇಸಾ ಅವರು ಈ ಅಂತ್ಯಲೋಪವನ್ನು ವಿಸ್ತಾರವಾಗಿ ಅಧ್ಯಯನ ಮಾಡಿ, ಅದರ ತೀವ್ರತೆಯನ್ನು ಆ ಕಾಲದ ಫ್ರೆಂಚ್ ಪ್ರಭಾವದೊಂದಿಗೆ ಸಂಬಂಧಿಸಿದರು. ಪರಾಶ್ರಿತ ಸರ್ವನಾಮಗಳೂ ಇದಕ್ಕೆ ಒಳಗಾದವು. ‘ಸೀದ್’ ವೀರಗಾಥೆಯಲ್ಲಿ ‘ಪಾರ್ತಿಯೋ ಸೆ’ ಎಂಬ ಅರ್ಥದಲ್ಲಿ, ಅಂದರೆ ಹೊರಟನು ಎಂಬರ್ಥದಲ್ಲಿ, ‘ಪರ್ತಿಯೋಸ್’ ಎಂಬ ರೂಪವಿದೆ. ಇಲ್ಲಿ ಸರ್ವನಾಮದಲ್ಲಿ ಉಳಿದಿರುವುದು ಸಕಾರವೊಂದೇ. ಬಿಡಿಯಾಗಿ ಉಚ್ಚರಿಸಲೂ ಆಗದ ಈ ಸಕಾರವನ್ನು ಭೂತಕಾಲದ ರೂಪಕ್ಕೆ ಹತ್ತಿದ ಪ್ರತ್ಯಯವೆಂದು ಕರೆಯಲು ಸ್ವಲ್ಪವೇ ಅಂತರವಿತ್ತು.

ಬೇರೆ ಭಾಷೆಗಳು ಆ ಅಂತರವನ್ನು ದಾಟಿವೆ. ಪ್ರಾಚೀನ ನಾರ್ಸ್ ಭಾಷೆಯ ‘ಸಿಕ್’ ಎಂಬ ಆತ್ಮಾರ್ಥಕ ಸರ್ವನಾಮವು ಕ್ರಿಯೆಗೆ ಬೆಸೆದು, ಇಂದಿನ ಸ್ವೀಡಿಷ್, ಡ್ಯಾನಿಷ್ ಮುಂತಾದ ಭಾಷೆಗಳಲ್ಲಿ ಸಕಾರಾಂತ ಕ್ರಿಯಾರೂಪಗಳಿಗೆ ಕಾರಣವಾಗಿದೆ. ರಷ್ಯನ್ ಭಾಷೆಯಲ್ಲಿ ‘ಸ್ಯ’ ಒಂದು ಕಾಲಕ್ಕೆ ವಾಕ್ಯದಲ್ಲಿ ಸ್ಥಾನ ಬದಲಿಸಬಲ್ಲ ಪರಾಶ್ರಿತ ಪದವಾಗಿತ್ತು. ಇಂದು ಅದು ಎಲ್ಲ ಪುರುಷಗಳಿಗೂ ಸಮಾನವಾದ, ಕ್ರಿಯೆಯಿಂದ ಬೇರ್ಪಡಿಸಲಾಗದ ಅಂತ್ಯಪ್ರತ್ಯಯ. ಹದಿಮೂರನೆಯ ಶತಮಾನದ ಸ್ಪ್ಯಾನಿಷ್ ಈ ದಾರಿಯ ಬಾಗಿಲಿಗೆ ಬಂದು ನಿಂತಿತ್ತು.

4. ಹಿಮ್ಮೆಟ್ಟಿದ ಬಗೆ

ದಾಟದಿರಲು ಮುಖ್ಯ ಕಾರಣ, ಆಗಿನ ‘ಸೆ’ ಕ್ರಿಯಾಪದಕ್ಕಲ್ಲ, ವಾಕ್ಯಕ್ಕೆ ಅಧೀನವಾಗಿದ್ದುದು. ಪರಾಶ್ರಿತ ಪದ ವಾಕ್ಯಾರಂಭದಲ್ಲಿ ನಿಲ್ಲಬಾರದೆಂಬ ನಿಯಮ ಹಳೆಯ ರೋಮಾನ್ಸ್ ಭಾಷೆಗಳಲ್ಲಿತ್ತು. ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ ಅದನ್ನು ನಿರೂಪಿಸಿದ ಅಡಾಲ್ಫ್ ಟೋಬ್ಲರ್ ಮತ್ತು ಅಡೋಲ್ಫೋ ಮುಸ್ಸಾಫಿಯಾ ಇವರ ಹೆಸರಿನಿಂದಲೇ ಆ ನಿಯಮವನ್ನು ಕರೆಯುತ್ತಾರೆ. ಅದರಂತೆ ವಾಕ್ಯವು ಕ್ರಿಯೆಯಿಂದ ಆರಂಭವಾದರೆ ‘ಲೆವಂತೋಸೆ’. ನಿಷೇಧಪದವು ಮೊದಲು ಬಂದರೆ ‘ನೋ ಸೆ ಲೆವಂತೋ’. ಉಪವಾಕ್ಯಗಳಲ್ಲಿ ‘ಕೆ ಸೆ ನೋನ್ ಲೆವಂತೋ’ ಎಂಬ ಮಾದರಿಯಲ್ಲಿ ಸರ್ವನಾಮಕ್ಕೂ ಕ್ರಿಯೆಗೂ ನಡುವೆ ನಿಷೇಧಪದವೇ ಬಂದು ಕೂರಬಹುದಾಗಿತ್ತು. ಒಮ್ಮೆ ನಂತರ, ಒಮ್ಮೆ ಮೊದಲು, ಒಮ್ಮೆ ದೂರ ನಿಲ್ಲುವ ಘಟಕವು ಪ್ರತ್ಯಯವಾಗಿ ಗಟ್ಟಿಯಾಗಲಾರದು.

ಎರಡನೆಯ ಕಾರಣ ಧ್ವನಿಗೆ ಸಂಬಂಧಿಸಿದ್ದು. ಹತ್ತನೆಯ ಅಲ್ಫೋನ್ಸೋ ದೊರೆಯ (ಆಳ್ವಿಕೆ 1252–1284) ಆಸ್ಥಾನದಲ್ಲಿ ರೂಪುಗೊಂಡ ಗದ್ಯವು ಕ್ರಮೇಣ ಪೂರ್ಣಸ್ವರದ ರೂಪಗಳತ್ತ ಒಲಿಯಿತು. ಅಂತ್ಯಲೋಪ ಹಿಂಜರಿದಂತೆ ‘ಪರ್ತಿಯೋಸ್’ ಮತ್ತೆ ‘ಪರ್ತಿಯೋಸೆ’ ಆಯಿತು. ಸಕಾರಮಾತ್ರವಾಗಿದ್ದ ಸರ್ವನಾಮಕ್ಕೆ ತನ್ನ ಅಕ್ಷರ ಮರಳಿತು. ಮೂರನೆಯದಾಗಿ, ‘ಸೆ’ ಒಂಟಿಯಾಗಿರಲಿಲ್ಲ. ಮೆ, ತೆ, ನೊಸ್, ವೊಸ್ ಎಂಬ ಪುರುಷಭೇದವುಳ್ಳ ಬಳಗದಲ್ಲಿ ಅದೂ ಒಂದು. ರಷ್ಯನ್ ಭಾಷೆಯಂತೆ ಒಂದೇ ರೂಪವು ಎಲ್ಲ ಪುರುಷಗಳಿಗೂ ಹಬ್ಬಿದ್ದರೆ ಬೆಸುಗೆ ಸುಲಭವಾಗುತ್ತಿತ್ತು.

ಹದಿನೈದನೆಯ ಶತಮಾನದಿಂದ ಹದಿನೇಳನೆಯ ಶತಮಾನದವರೆಗಿನ ಅವಧಿಯಲ್ಲಿ ವಾಕ್ಯಾರಂಭದ ನಿರ್ಬಂಧವು ಸಡಿಲಿತು, ನಡುವೆ ನಿಷೇಧಪದ ಬರುವ ರೂಢಿಯೂ ಮರೆಯಾಯಿತು. ‘ಸೆ’ ಕೊನೆಗೂ ಕ್ರಿಯಾಪದಕ್ಕೇ ಅಧೀನವಾಯಿತು. ಆದರೆ ಪುರುಷಪ್ರತ್ಯಯವುಳ್ಳ ರೂಪಗಳಲ್ಲಿ ಅದು ಮೊದಲಿನ ಸ್ಥಾನಕ್ಕೆ ಸರಿಯಿತು; ಭಾವರೂಪ, ಕೃದಂತರೂಪ ಮತ್ತು ನಿಷೇಧವಿಲ್ಲದ ವಿಧಿರೂಪಗಳಲ್ಲಿ ಮಾತ್ರ ನಂತರ ಉಳಿಯಿತು. ಎರಡನೆಯ ಪ್ರಶ್ನೆಗೆ ಉತ್ತರ ಇಲ್ಲಿದೆ. ಭಾವರೂಪದ ಕೊನೆಯಲ್ಲಿ ಇಂದಿಗೂ ಅಂಟಿರುವ ‘ಸೆ’ಯು ಒಂದು ಕಾಲಕ್ಕೆ ಭೂತಕಾಲದಲ್ಲಿಯೂ ಇದ್ದ ಸಾಧ್ಯತೆಯ ಉಳಿಕೆ. ಪೋರ್ಚುಗೀಸ್ ಮತ್ತು ಗ್ಯಾಲಿಶಿಯನ್ ಭಾಷೆಗಳು, ಸ್ಪೇನಿನ ಉತ್ತರದ ಅಸ್ತೂರಿಯನ್ ಭಾಷೆ, ವಾಕ್ಯಾರಂಭದ ಕ್ರಿಯೆಯ ನಂತರ ಸರ್ವನಾಮವನ್ನಿಡುವ ಕ್ರಮವನ್ನು ಈಗಲೂ ಬಿಟ್ಟಿಲ್ಲ.

ಕಾಸ್ಟೀಲಿಯನ್ ಬರಹವೂ ಅದನ್ನು ಒಮ್ಮೆಲೇ ಬಿಡಲಿಲ್ಲ. ಹತ್ತೊಂಬತ್ತನೆಯ ಶತಮಾನದ ಗದ್ಯದಲ್ಲಿ ‘ಲೆವಂತೋಸೆ’ಯಂಥ ರೂಪಗಳು ಗ್ರಾಂಥಿಕ ಗಾಂಭೀರ್ಯದ ಗುರುತಾಗಿ ಬಳಕೆಯಲ್ಲಿದ್ದವು. ಮಕ್ಕಳ ಕತೆಗಳು ‘ಏರಸೆ ಊನ ವೇಸ್’ ಎಂದು ಆರಂಭವಾಗುವುದುಂಟು. ನಮ್ಮ ‘ಒಂದಾನೊಂದು ಕಾಲದಲ್ಲಿ’ ಎಂಬುದಕ್ಕೆ ಸಮಾನವಾದ ಈ ನುಡಿಯಲ್ಲಿ ‘ಇರು’ ಧಾತುವಿನ ಅಪೂರ್ಣಭೂತಕ್ಕೆ ‘ಸೆ’ ನಂತರ ಹತ್ತಿದೆ. ‘ಮುಗಿಯಿತು’ ಎಂಬರ್ಥದ ಕ್ರಿಯೆಯಿಂದ ಹುಟ್ಟಿದ ಎರಡು ಪದಗಳು ಇಡೀ ಚರಿತ್ರೆಯನ್ನು ಸಂಕ್ಷೇಪಿಸಿಕೊಂಡಿವೆ. ಪರಮಾವಧಿ ಎಂಬರ್ಥದ ‘ಅಕಬೋಸೆ’ ಎಂಬ ನಾಮಪದದಲ್ಲಿ ‘ಸೆ’ ಕ್ರಿಯೆಯ ನಂತರ ಇದೆ. ‘ಇಲ್ಲಿಗೆ ಮುಗಿಯಿತು’ ಎಂದು ಮಾತು ಕತ್ತರಿಸುವ ‘ಸನ್ಸೆಅಕಬೋ’ ಎಂಬ ಉದ್ಗಾರದಲ್ಲಿ ಮೊದಲು ಇದೆ. ಹಳೆಯ ಕ್ರಮ, ಹೊಸ ಕ್ರಮ ಎರಡೂ ಒಂದೇ ಧಾತುವಿನ ಭೂತಕಾಲದಲ್ಲಿ ಹೆಪ್ಪುಗಟ್ಟಿವೆ. ಅಕ್ಷರವಿನ್ಯಾಸವೂ ಇದನ್ನು ಹಿಂಬಾಲಿಸಿತು: ‘ಲೆವಂತೋಸೆ’ಯಂಥ ರೂಪಗಳಿಗೆ ಮೂಲ ಕ್ರಿಯಾಪದದ ಒತ್ತುಚಿಹ್ನೆಯನ್ನೇ ಉಳಿಸುವ ಪದ್ಧತಿಯನ್ನು ಸ್ಪ್ಯಾನಿಷ್ ಅಕಾಡೆಮಿಯು 1999ರ ಅಕ್ಷರವಿನ್ಯಾಸ ಗ್ರಂಥದಲ್ಲಿ ಕೈಬಿಟ್ಟು, ಅವನ್ನು ಒಂದೇ ಪದವೆಂಬಂತೆ ಸಾಮಾನ್ಯ ನಿಯಮಗಳಿಗೆ ಒಳಪಡಿಸಿತು. ಆಡುಮಾತಿನಿಂದ ಬಹುಮಟ್ಟಿಗೆ ಮರೆಯಾದ ಮೇಲೆ ಆ ರೂಪಕ್ಕೆ ಬರಹದಲ್ಲಿ ಏಕಪದದ ಮನ್ನಣೆ ದೊರೆಯಿತು.

5. ಸಹಾಯಕ ಕ್ರಿಯೆ ಮತ್ತು ಸಂಬೋಧನೆ

ಸಂಯುಕ್ತ ಭೂತದಲ್ಲಿಯೂ ಸ್ಪ್ಯಾನಿಷ್ ತನ್ನದೇ ದಾರಿ ಹಿಡಿಯಿತು. ‘ಎದ್ದಿದ್ದಾನೆ’ ಎನ್ನಲು ಫ್ರೆಂಚ್ ಮತ್ತು ಇಟಾಲಿಯನ್ ಭಾಷೆಗಳು ಆತ್ಮಾರ್ಥಕ ಸರ್ವನಾಮದೊಡನೆ ‘ಇರು’ ಎಂಬರ್ಥದ ಸಹಾಯಕ ಕ್ರಿಯೆಯನ್ನು ಬಳಸುತ್ತವೆ. ಹಳೆಯ ಸ್ಪ್ಯಾನಿಷ್‌ನಲ್ಲಿಯೂ ಹೋಗು, ಬಾ ಮುಂತಾದ ಅಕರ್ಮಕಗಳಿಗೆ ‘ಸೇರ್’ ಎಂಬ ಅದೇ ಅರ್ಥದ ಸಹಾಯಕವಿತ್ತು. ಹದಿನೇಳನೆಯ ಶತಮಾನದ ಹೊತ್ತಿಗೆ ‘ಅಬೇರ್’ ಎಂಬ ಒಂದೇ ಸಹಾಯಕವು ಎಲ್ಲವನ್ನೂ ಆವರಿಸಿತು: ‘ಸೆ ಆ ಲೆವಂತಾದೊ’. ಇಲ್ಲಿಯೂ ಫಲ ಹಿಂದಿನದೇ. ಆತ್ಮಾರ್ಥಕ ಕ್ರಿಯೆಯು ಕಾಲಸೂಚನೆಯ ಎಲ್ಲ ಹೊರೆಯನ್ನು ಸಾಮಾನ್ಯ ಕ್ರಿಯೆಯಂತೆಯೇ ಹೊರುತ್ತದೆ; ‘ಸೆ’ ಅದರಲ್ಲಿ ಪಾಲುಗೊಳ್ಳುವುದಿಲ್ಲ. ಇಂದು ಬೆಳಗ್ಗೆ ಎದ್ದುದನ್ನು ಮ್ಯಾಡ್ರಿಡ್ಡಿನವರು ಸಂಯುಕ್ತ ಭೂತದಲ್ಲಿ ಹೇಳುವುದೂ ಅಮೆರಿಕ ಖಂಡದ ಬಹುಭಾಗದವರು ಪೂರ್ಣಭೂತದಲ್ಲಿ ಹೇಳುವುದೂ ಕಾಲದ ಗ್ರಹಿಕೆಯ ಭೇದವೇ ಹೊರತು ಸರ್ವನಾಮದ ಭೇದವಲ್ಲ.

‘ಸೆ’ಯ ವ್ಯಾಪ್ತಿಯನ್ನು ಹಿಗ್ಗಿಸಿದ್ದು ವ್ಯಾಕರಣಕ್ಕಿಂತ ಹೆಚ್ಚಾಗಿ ಸಭ್ಯಾಚಾರ. ‘ತಮ್ಮ ಕೃಪೆ’ ಎಂಬರ್ಥದ ‘ವುಎಸ್ತ್ರ ಮೆರ್ಸೇದ್’ ಎಂಬ ಗೌರವಸಂಬೋಧನೆ ಸವೆದು ‘ಉಸ್ತೇದ್’ ಆಯಿತು. ಮೂಲದಲ್ಲಿ ನಾಮಪದವಾದ್ದರಿಂದ ಅದಕ್ಕೆ ಪ್ರಥಮಪುರುಷದ ಕ್ರಿಯೆ ಬೇಕಾಯಿತು. ಕ್ರಿಯೆಯ ಜೊತೆಗೆ ‘ಸೆ’ಯೂ ಬಂತು. ಹೀಗೆ ‘ಉಸ್ತೇದ್ ಸೆ ಲೆವಂತೋ’ ಎಂದರೆ ‘ತಾವು ಎದ್ದಿರಿ’. ಪ್ರಥಮಪುರುಷಕ್ಕೆ ಮಾತ್ರ ಮೀಸಲಾಗಿದ್ದ ಲ್ಯಾಟಿನ್ ಸರ್ವನಾಮ ಎದುರಿಗಿರುವವರಿಗೂ ಸಲ್ಲತೊಡಗಿತು. ಕನ್ನಡದಲ್ಲಿ ‘ತಾವು’ ಎಂಬ ಆತ್ಮಾರ್ಥಕ ಸರ್ವನಾಮವೇ ನೇರವಾಗಿ ಗೌರವಸಂಬೋಧನೆಯಾಗಿದೆ. ಎರಡು ಭಾಷೆಗಳ ದಾರಿಗಳು ಬೇರೆ: ಅಲ್ಲಿ ಪದವಿಸೂಚಕ ನಾಮಪದವು ‘ಸೆ’ಯನ್ನು ಎಳೆತಂದಿತು, ಇಲ್ಲಿ ಸರ್ವನಾಮವೇ ಸಂಬೋಧನೆಯಾಯಿತು. ಆದರೆ ಎದುರಿನವರನ್ನು ನೇರವಾಗಿ ‘ನೀನು’ ಎನ್ನದೆ ದೂರವಿರಿಸಿ ಮನ್ನಿಸುವ ಪ್ರವೃತ್ತಿ ಎರಡರಲ್ಲಿಯೂ ಒಂದೇ. ಅಮೆರಿಕದ ಸ್ಪ್ಯಾನಿಷ್‌ನಲ್ಲಿ ಬಹುವಚನದ ‘ಒಸ್ ಲೆವಂತಾಸ್ತೆಯ್ಸ್’ ಪೂರ್ಣವಾಗಿ ಮರೆಯಾಗಿ, ‘ಉಸ್ತೇದೆಸ್ ಸೆ ಲೆವಂತಾರೊನ್’ ಎಂಬುದೇ ಸರ್ವತ್ರ ನಿಂತಿದೆ.

6. ಅರ್ಥದ ನೆಲೆ: ‘ಸೆ’ ಮತ್ತು ‘ಕೊಳ್ಳು’

ಮೂರನೆಯ ಪ್ರಶ್ನೆಯನ್ನು ವ್ಯಾಕರಣಕಾರರು ಬಹಳ ಹಿಂದೆಯೇ ಎದುರಿಸಿದ್ದರು. 1492ರಲ್ಲಿ ಪ್ರಕಟವಾದ ತನ್ನ ಕಾಸ್ಟೀಲಿಯನ್ ವ್ಯಾಕರಣದಲ್ಲಿ ಅಂತೋನಿಯೊ ದೆ ನೆಬ್ರಿಹಾ, ಲ್ಯಾಟಿನ್ನಿನಂಥ ಕರ್ಮಣಿ ಪ್ರಯೋಗ ತನ್ನ ಭಾಷೆಗಿಲ್ಲವೆಂದೂ, ಪ್ರಥಮಪುರುಷದಲ್ಲಿ ಆ ಕೊರತೆಯನ್ನು ‘ಸೆ’ಯಿಂದಲೂ ತುಂಬಬಹುದೆಂದೂ ಗುರುತಿಸಿದ. 1847ರಲ್ಲಿ ಚಿಲಿಯಲ್ಲಿ ತಮ್ಮ ವ್ಯಾಕರಣವನ್ನು ಪ್ರಕಟಿಸಿದ ಅಂದ್ರೆಸ್ ಬೆಯೋ, ರೂಪದಲ್ಲಿ ಮಾತ್ರ ಆತ್ಮಾರ್ಥಕವಾಗಿ ಅರ್ಥದಲ್ಲಿ ಹಾಗಿಲ್ಲದ ರಚನೆಗಳನ್ನು ‘ಅರೆ ಆತ್ಮಾರ್ಥಕ’ ಎಂಬರ್ಥದ ಹೆಸರಿನಿಂದ ಬೇರ್ಪಡಿಸಿದರು.

ಭೂತಕಾಲದ ಜೋಡಿಗಳು ಈ ವಿವೇಚನೆಗೆ ಉತ್ತಮ ಸಾಕ್ಷ್ಯ. ‘ದುರ್ಮಿಯೋ’ ಎಂದರೆ ನಿದ್ರಿಸಿದನು. ‘ಸೆ ದುರ್ಮಿಯೋ’ ಎಂದರೆ ನಿದ್ದೆಹೋದನು. ‘ಕೊಮಿಯೋ’ ಎಂದರೆ ತಿಂದನು. ಕರ್ಮವನ್ನು ಹೆಸರಿಸಿ ‘ಸೆ ಕೊಮಿಯೋ’ ಎಂದರೆ ತಿಂದುಬಿಟ್ಟನು. ‘ಪೆಯ್ನೋ’ ಎಂದರೆ ಬಾಚಿದಳು. ‘ಸೆ ಪೆಯ್ನೋ’ ಎಂದರೆ ಬಾಚಿಕೊಂಡಳು. ಈ ಸಾಲಿನಲ್ಲಿ ಕೊನೆಯದು ಮಾತ್ರ ತನ್ನ ಮೇಲೆ ತಾನು ಎಸಗಿದ ಕ್ರಿಯೆ. ಉಳಿದವುಗಳಲ್ಲಿ ‘ಸೆ’ ಹೇಳುವುದು ಕರ್ತೃವಿನ ಸ್ಥಿತಿ ಪಲ್ಲಟಗೊಂಡುದನ್ನು ಅಥವಾ ಕ್ರಿಯೆಯು ಅವನಲ್ಲಿ ಪೂರ್ತಿಗೊಂಡುದನ್ನು. ಅಪೂರ್ಣಭೂತದಲ್ಲಿ ಈ ಪಲ್ಲಟವೇ ಹಿಗ್ಗಿ ಕಾಣುತ್ತದೆ: ‘ಸೆ ದೊರ್ಮೀಅ’ ಎಂದರೆ ನಿದ್ದೆಗೆ ಜಾರುತ್ತಿದ್ದನು.

ಕನ್ನಡದ ಓದುಗರಿಗೆ ಇಲ್ಲಿ ‘ಕೊಳ್ಳು’ ನೆನಪಾಗುವುದು ಸಹಜ. ‘ಸೆ ಲವೋ ಲಾಸ್ ಮಾನೊಸ್’ ಎಂಬಲ್ಲಿ ‘ತನ್ನ’ ಎಂಬ ಪದವಿಲ್ಲ. ‘ಕೈ ತೊಳೆದುಕೊಂಡನು’ ಎಂಬಲ್ಲಿಯೂ ಇಲ್ಲ. ಯಾರ ಕೈ ಎಂಬುದನ್ನು ಅಲ್ಲಿ ‘ಸೆ’ ಹೇಳುತ್ತದೆ, ಇಲ್ಲಿ ‘ಕೊಂಡ’ ಹೇಳುತ್ತದೆ. ‘ಸೆ ಸೆಂತೋ’ ಕುಳಿತುಕೊಂಡನು. ‘ಸೆ ಅಬ್ರಿ‌ಯೋ’ ತೆರೆದುಕೊಂಡಿತು. ಆದರೆ ಒಂದೇ ‘ಸೆ’ ನಿರ್ವಹಿಸುವ ಕೆಲಸವನ್ನು ಕನ್ನಡವು ಹಂಚಿಕೊಟ್ಟಿದೆ. ಬಾಗಿಲು ‘ತೆರೆದುಕೊಂಡಿತು’, ಲೋಟ ‘ಒಡೆದುಹೋಯಿತು’, ಮುದುಕ ‘ಸತ್ತುಹೋದನು’, ಹಣ್ಣನ್ನು ‘ತಿಂದುಬಿಟ್ಟನು’. ಸ್ಪ್ಯಾನಿಷ್‌ನಲ್ಲಿ ನಾಲ್ಕಕ್ಕೂ ‘ಸೆ’ ಸಲ್ಲುತ್ತದೆ. ಕನ್ನಡದಲ್ಲಿ ಕೊಳ್ಳು, ಹೋಗು, ಬಿಡು ಎಂಬ ಮೂರು ಸಹಾಯಕಗಳು ಅರ್ಥವನ್ನು ಬೇರೆಬೇರೆಯಾಗಿ ಸೂಚಿಸುತ್ತವೆ. ‘ಸೆ ಲೆವಂತೋ’ ಎಂಬುದಕ್ಕಾದರೋ ಯಾವ ಸಹಾಯಕವೂ ಬೇಡ, ‘ಎದ್ದನು’ ಎಂದರೆ ಸಾಕು.

ರಚನೆಯಲ್ಲಿಯೂ ಎರಡು ಭಾಷೆಗಳು ಎದುರುಬದುರಾಗಿವೆ. ‘ತೊಳೆದುಕೊಂಡನು’, ‘ತೊಳೆದುಕೊಳ್ಳುತ್ತಾನೆ’, ‘ತೊಳೆದುಕೊಳ್ಳುವನು’ ಎಂಬಲ್ಲಿ ‘ತೊಳೆದು’ ಎಂಬ ಭೂತನ್ಯೂನ ಸ್ಥಿರವಾಗಿದ್ದು, ಕಾಲ, ಲಿಂಗ, ಪುರುಷಗಳನ್ನೆಲ್ಲ ‘ಕೊಳ್ಳು’ ಹೊರುತ್ತದೆ. ಸ್ಪ್ಯಾನಿಷ್‌ನಲ್ಲಿ ಕಾಲದ ಭಾರ ಪೂರ್ತಿಯಾಗಿ ಮುಖ್ಯ ಕ್ರಿಯೆಯದು. ಸರ್ವನಾಮದ್ದು ಪುರುಷದ ಪಾಲು ಮಾತ್ರ. ಸ್ವತಂತ್ರ ಕ್ರಿಯಾಪದವಾದ ಕನ್ನಡದ ‘ಕೊಳ್ಳು’ ಆಡುಮಾತಿನಲ್ಲಿ ‘ತೊಳ್ಕೊಂಡ’ ಎಂದು ಬೆಸೆದು ಪ್ರತ್ಯಯದತ್ತ ಸಾಗಿದೆ. ಅಕ್ಷರಮಾತ್ರದ ಸ್ಪ್ಯಾನಿಷ್ ‘ಸೆ’ ಪ್ರತ್ಯಯದ ಹೊಸ್ತಿಲಿನಿಂದ ಪದವಾಗಿಯೇ ಹಿಂದಿರುಗಿದೆ.

7. ಉಪಸಂಹಾರ

ಆತ್ಮಾರ್ಥಕ ಎಂಬ ಹೆಸರು ‘ಸೆ’ಯ ಹುಟ್ಟನ್ನು ಹೇಳುತ್ತದೆ, ಅದರ ಇಂದಿನ ಕೆಲಸವನ್ನಲ್ಲ. ಹೆಸರನ್ನೇ ನಂಬಿ ಭೂತಕಾಲದ ಪ್ರತಿಯೊಂದು ‘ಸೆ’ಯನ್ನೂ ‘ತನ್ನನ್ನು ತಾನು’ ಎಂದು ಬಿಡಿಸುವ ಕಲಿಕೆಯಿಂದ, ನಿದ್ದೆಹೋದವನು ತನ್ನನ್ನು ತಾನು ಮಲಗಿಸಿದನೆಂದೂ ಒಡೆದ ಲೋಟ ತನ್ನನ್ನು ತಾನು ಒಡೆಯಿತೆಂದೂ ಅಪಾರ್ಥವಾಗುತ್ತದೆ. ಕನ್ನಡಕ್ಕೆ ಅನುವಾದಿಸುವವರ ಮುಂದಿರುವ ಆಯ್ಕೆ ‘ತಾನು’ ಎಂಬ ಪದದ್ದಲ್ಲ; ಕೊಂಡ, ಹೋದ, ಬಿಟ್ಟ ಎಂಬ ಸಹಾಯಕಗಳದು, ಕೆಲವೊಮ್ಮೆ ಯಾವುದೂ ಇಲ್ಲದ ಬರಿಯ ಭೂತರೂಪದ್ದು. ‘ಸರ್ವನಾಮ ಮೊದಲು, ಪ್ರತ್ಯಯ ಎಂದಿನಂತೆ’ ಎಂಬ ಸೂತ್ರವನ್ನು ಬಾಯಿಪಾಠ ಮಾಡುವ ವಿದ್ಯಾರ್ಥಿ ನಿಜವಾಗಿ ಕಲಿಯುತ್ತಿರುವುದು ಎರಡು ಚಾರಿತ್ರಿಕ ಘಟನೆಗಳ ಫಲವನ್ನು: ಲ್ಯಾಟಿನ್ನಿನ ಒಡೆದ ಭೂತಕಾಲವನ್ನು ಕರ್ತರಿ ರೂಪಗಳು ಒಂದುಗೂಡಿಸಿದ್ದು ಒಂದು, ಕ್ರಿಯೆಯ ಅಂತ್ಯಕ್ಕೆ ಬೆಸೆಯಲು ಹೊರಟಿದ್ದ ಸರ್ವನಾಮವು ಅದರ ಆದಿಗೆ ಸರಿದದ್ದು ಇನ್ನೊಂದು.